ಶನಿವಾರ ರಾತ್ರಿಯ ಸುರುಳಿ, ಭಾನುವಾರದ ಸಿನಮನ್ ರೋಲ್

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಬಿಸಿ ಸಿನಮನ್ ರೋಲ್, ಅಂದರೆ ಚಕ್ಕೆ ಹೂರಣ ಸುತ್ತಿದ ಬನ್, ತಟ್ಟೆಗೆ ಬರಬೇಕೆಂದರೆ, ಅವತ್ತೇ ಎದ್ದು ಮೈದಾ ಅಳೆಯುತ್ತ ಕೂತರೆ ಆಗುವ ಕೆಲಸವಲ್ಲ. ನಾದಲು ಕಾಲು ಗಂಟೆ, ಹಿಟ್ಟು ಉಬ್ಬಲು ಒಂದು ಗಂಟೆ, ಸುತ್ತಿ ಕತ್ತರಿಸಲು ಅರ್ಧ ಗಂಟೆ, ಮತ್ತೆ ಉಬ್ಬಲು ಮುಕ್ಕಾಲು, ಬೇಯಲು ಅರ್ಧ. ಅಷ್ಟರಲ್ಲಿ ಮಕ್ಕಳ ಕೈ ಬಿಸ್ಕತ್ತಿನ ಡಬ್ಬ ಸೇರಿರುತ್ತದೆ. ನಾಳೆಯ ದೋಸೆಗೆ ಇವತ್ತೇ ರುಬ್ಬಿಡುವ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಳೆದ ಶನಿವಾರ ಸಂಜೆ ಆರೂವರೆಗೆ ಶುರುವಾಗಿ ಭಾನುವಾರ ಒಂಬತ್ತಕ್ಕೆ ಮುಗಿದ ಹನ್ನೆರಡು ರೋಲುಗಳ ಲೆಕ್ಕ ಇಲ್ಲಿದೆ. ಮೊಟ್ಟೆ ಹಾಕಿಲ್ಲ.

ಮೊದಲ ಕೆಲಸ ಗಂಜಿ. ಒಟ್ಟು 500 ಗ್ರಾಂ ಮೈದಾದಲ್ಲಿ 25 ಗ್ರಾಂ, ಒಟ್ಟು 290 ಮಿ.ಲೀ. ಹಾಲಿನಲ್ಲಿ 125 ಮಿ.ಲೀ. ತೆಗೆದು, ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಬೇಕು. ಮೂರು ನಿಮಿಷದೊಳಗೆ ಮಗುವಿಗೆ ತಿನ್ನಿಸುವ ರಾಗಿ ಸರಿಯ ಹದಕ್ಕೆ ಬರುತ್ತದೆ. 65 ಡಿಗ್ರಿ ಆಸುಪಾಸಿನಲ್ಲಿ ಮೈದಾದ ಪಿಷ್ಟ ನೀರು ಕುಡಿದು ಊದಿಕೊಳ್ಳುತ್ತದೆ, ಆಮೇಲೆ ಒಲೆಯ ಕಾವಿಗೂ ಆ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಾಲು ಬ್ರೆಡ್ ಮಾಡುವ ಪೂರ್ವ ಏಷ್ಯಾದ ಬೇಕರಿಗಳ ಉಪಾಯ ಇದು. ಹತ್ತು ನಿಮಿಷದ ಈ ಕೆಲಸ ತಪ್ಪಿಸಿದರೂ ರೋಲ್ ಆಗುತ್ತದೆ, ಆದರೆ ಮಧ್ಯಾಹ್ನದ ಹೊತ್ತಿಗೆ ಒಣ ಬನ್ನಾಗಿರುತ್ತದೆ. ಗಂಜಿ ಪೂರ್ತಿ ಆರಲಿ.

ಉಳಿದ 475 ಗ್ರಾಂ ಮೈದಾಕ್ಕೆ ಸಕ್ಕರೆ 60 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 7 ಗ್ರಾಂ, ಉಪ್ಪು 8 ಗ್ರಾಂ, ಆಗಷ್ಟೇ ಕುಟ್ಟಿದ ಏಲಕ್ಕಿ ಪುಡಿ ಒಂದು ಟೀ ಚಮಚ. ಏಲಕ್ಕಿ ನಾವು ಸೇರಿಸಿದ ಒಗ್ಗರಣೆಯಲ್ಲ, ಸ್ವೀಡನ್ನಿನವರು ಕಾನೆಲ್‌ಬುಲ್ಲೆ ಎಂಬ ತಮ್ಮ ಚಕ್ಕೆ ಬನ್ನಿನ ಹಿಟ್ಟಿಗೆ ಹಾಕುವುದೇ ಹಾಗೆ. 1999ರಿಂದ ಅಕ್ಟೋಬರ್ 4ನ್ನು ಆ ಬನ್ನಿನ ದಿನವೆಂದೇ ಆಚರಿಸುತ್ತಾರೆ. ಹಿಟ್ಟಿಗೇ ಚಕ್ಕೆ ಪುಡಿ ಬೆರೆಸಿದರೆ ಇನ್ನೂ ಘಮ ಬರುತ್ತದೆಂದು ಕೆಲವರು ಮಾಡಿ ನೋಡುತ್ತಾರೆ. ಘಮ ಬರುತ್ತದೆ, ಹಿಟ್ಟು ಮಾತ್ರ ಮೇಲೇಳುವುದಿಲ್ಲ. ಚಕ್ಕೆಯ ಘಾಟಿಗೆ ಕಾರಣವಾದ ಸಿನಮಾಲ್ಡಿಹೈಡ್ ಯೀಸ್ಟನ್ನು ಹಿಡಿದು ಕೂರಿಸುತ್ತದೆ. ಚಕ್ಕೆ ಏನಿದ್ದರೂ ಒಳಗಿನ ಹೂರಣಕ್ಕೆ.

ಹಾಲು ಕಾಯಿಸಿ ಆರಿಸಿದ್ದಾಗಿರಲಿ. ಬೆರಳು ಅದ್ದಿದರೆ ಬಿಸಿಯೂ ಅಲ್ಲ, ತಣ್ಣಗೂ ಅಲ್ಲ ಅನ್ನಿಸಬೇಕು. 55 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ, ಆಮೇಲೆ ಎಷ್ಟು ಕಾದರೂ ಹಿಟ್ಟು ಕಲ್ಲಿನಂತೆಯೇ ಇರುತ್ತದೆ. ಆರಿದ ಗಂಜಿಯನ್ನು ಮೈದಾಕ್ಕೆ ಸೇರಿಸಿ, ಉಳಿದ 165 ಮಿ.ಲೀ. ಹಾಲನ್ನು ಒಮ್ಮೆಲೇ ಸುರಿಯದೆ ಎರಡು ದೊಡ್ಡ ಚಮಚದಷ್ಟು ಹಿಂದೆ ಇಟ್ಟುಕೊಳ್ಳಿ. ಅಮೆರಿಕದ ಪಾಕವಿಧಾನಗಳು ಬ್ರೆಡ್ಡಿಗೆಂದೇ ಬರುವ ಗಟ್ಟಿ ಹಿಟ್ಟಿನ ಲೆಕ್ಕದಲ್ಲಿರುತ್ತವೆ. ನಮ್ಮ ಅಂಗಡಿ ಮೈದಾಕ್ಕೆ ಅಷ್ಟು ನೀರು ಹಿಡಿಯುವ ಶಕ್ತಿ ಇಲ್ಲ. ಇಲ್ಲಿ ಮಾಡಿದ ಹಿಟ್ಟು ಅಂಟಂಟಾಗಲು ಮುಖ್ಯ ಕಾರಣ ಅದೇ.

ಬೆಣ್ಣೆ ಹಾಕದೆ ಆರು ನಿಮಿಷ ನಾದಿ, ಹಿಟ್ಟಿಗೆ ಸ್ವಲ್ಪ ಜಿಗುಟು ಬಂದ ಮೇಲೆ 70 ಗ್ರಾಂ ಮೆತ್ತನೆ ಬೆಣ್ಣೆಯನ್ನು ನಾಲ್ಕು ಸಲಕ್ಕೆ ಸೇರಿಸಬೇಕು. ಮೊದಲೇ ಹಾಕಿದರೆ ಜಿಡ್ಡು ಅಡ್ಡ ಬಂದು ಹಿಟ್ಟಿನ ನಾರು ಒಂದಕ್ಕೊಂದು ಹೆಣೆದುಕೊಳ್ಳುವುದಿಲ್ಲ. ಪ್ರತಿ ಸಲ ಬೆಣ್ಣೆ ಬಿದ್ದಾಗಲೂ ಹಿಟ್ಟು ಹರಿದು, ಜಾರಿ, ಕೈಗೆಲ್ಲ ಮೆತ್ತಿಕೊಂಡು ಕೆಟ್ಟೇ ಹೋಯಿತೇನೋ ಅನ್ನಿಸುತ್ತದೆ. ಆ ಗಾಬರಿಯಲ್ಲಿ ಒಂದು ಹಿಡಿ ಮೈದಾ ಉದುರಿಸುವುದೇ ದೊಡ್ಡ ತಪ್ಪು. ಸುಮ್ಮನೆ ನಾದುತ್ತಿದ್ದರೆ ಎರಡು ನಿಮಿಷದಲ್ಲಿ ಮತ್ತೆ ಒಂದುಗೂಡುತ್ತದೆ. ಕೊನೆಗೆ ನಿಂಬೆ ಗಾತ್ರದ ಉಂಡೆ ಹರಿದುಕೊಂಡು, ಎರಡೂ ಕೈ ಬೆರಳುಗಳಿಂದ ನಿಧಾನಕ್ಕೆ ಅಗಲಿಸಿ ದೀಪಕ್ಕೆ ಹಿಡಿದು ನೋಡಿ. ಹರಿಯದೆ ತೆಳ್ಳಗಾಗಿ ಆಚೆಗಿನ ಬೆರಳಿನ ನೆರಳು ಕಂಡರೆ ಸಾಕು. ಹರಿದ ಅಂಚು ಗರಗಸದಂತಿದ್ದರೆ ಇನ್ನೂ ಮೂರು ನಿಮಿಷ ನಾದಬೇಕು.

ಏಳೂ ಇಪ್ಪತ್ತಕ್ಕೆ ಮುಚ್ಚಿಟ್ಟ ಹಿಟ್ಟು ಎಂಟೂವರೆಗೆ ಎರಡರಷ್ಟಾಗಿತ್ತು. ಬೇಸಿಗೆಯಾದರೆ ಮುಕ್ಕಾಲು ಗಂಟೆ ಸಾಕು, ಯೀಸ್ಟೂ 5 ಗ್ರಾಂ ಸಾಕು. ಗಡಿಯಾರಕ್ಕಿಂತ ಬೆರಳನ್ನು ನಂಬುವುದು ಒಳ್ಳೆಯದು. ಮೈದಾ ಮುಟ್ಟಿದ ಬೆರಳಿನಿಂದ ಒತ್ತಿದಾಗ ಕುಳಿ ನಿಧಾನಕ್ಕೆ ಅರ್ಧ ಮುಚ್ಚಿಕೊಳ್ಳಬೇಕು. ತಟ್ಟನೆ ಪುಟಿದರೆ ಇನ್ನೂ ಸಮಯವಿದೆ. ಕುಳಿ ಹಾಗೇ ಉಳಿದು ಸುತ್ತಲಿನ ಹಿಟ್ಟು ಕುಸಿದರೆ ಸಮಯ ಮೀರಿದೆ.

ಹಿಟ್ಟು ಉಬ್ಬುವ ಹೊತ್ತಿನಲ್ಲಿ ಚಕ್ಕೆ. ನಮ್ಮ ಕಿರಾಣಿ ಅಂಗಡಿಗಳಲ್ಲಿ ಚಕ್ಕೆ ಎಂದು ಕೊಡುವುದು ಬಹುಮಟ್ಟಿಗೆ ಕ್ಯಾಸಿಯಾ: ದಪ್ಪ, ಗಟ್ಟಿ, ಒಂದೇ ಪದರದ ತೊಗಟೆ. ಶ್ರೀಲಂಕಾದ ದಾಲ್ಚಿನ್ನಿ ಕಾಗದದಷ್ಟು ತೆಳುವಾದ ಪದರಗಳನ್ನು ಒಂದರೊಳಗೊಂದು ಸುತ್ತಿದ ಕಡ್ಡಿ, ಬೆರಳಲ್ಲೇ ಪುಡಿಯಾಗುತ್ತದೆ. ಖಾರ, ಘಾಟು ಬೇಕೆಂದರೆ ಕ್ಯಾಸಿಯಾ. ಅಮೆರಿಕದ ರೋಲುಗಳ ರುಚಿ ಅದರದೇ. ಆದರೆ ಅದರಲ್ಲಿ ಕೂಮರಿನ್ ಎಂಬ ಅಂಶ ಹೆಚ್ಚು, ಅತಿಯಾದರೆ ಯಕೃತ್ತಿಗೆ ತೊಂದರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.1 ಮಿಲಿಗ್ರಾಂ ಎಂದು ಮಿತಿ ಹೇಳುತ್ತದೆ. 2013ರಲ್ಲಿ ಡೆನ್ಮಾರ್ಕಿನ ಬೇಕರಿಯವರು ಇದಕ್ಕೇ ಜಗಳಕ್ಕೆ ನಿಂತಿದ್ದರು. ಯುರೋಪಿಯನ್ ಒಕ್ಕೂಟದ 2008ರ ನಿಯಮದಂತೆ ಸಾಮಾನ್ಯ ಬೇಕರಿ ತಿಂಡಿಯ ಒಂದು ಕಿಲೋದಲ್ಲಿ 15 ಮಿಲಿಗ್ರಾಂ ಕೂಮರಿನ್ ಇರಬಹುದು, ಹಬ್ಬದ ಅಥವಾ ಸಾಂಪ್ರದಾಯಿಕ ತಿಂಡಿಯಾದರೆ 50. ಪಕ್ಕದ ಸ್ವೀಡನ್ ತನ್ನ ಬನ್ನನ್ನು ಸಾಂಪ್ರದಾಯಿಕ ಎಂದು ಬರೆದುಕೊಂಡು ಆರಾಮಾಗಿತ್ತು. ನಮ್ಮ ಹೂರಣಕ್ಕೆ ಹನ್ನೆರಡು ರೋಲಿಗೆ 10 ಗ್ರಾಂ ಪುಡಿ, ಅಂದರೆ ಒಂದಕ್ಕೆ ಗ್ರಾಮಿಗಿಂತ ಕಡಿಮೆ. ವಾರಕ್ಕೊಂದು ದಿನ ತಿನ್ನುವುದಕ್ಕೆ ಹೆದರಬೇಕಿಲ್ಲ. ಮಕ್ಕಳು ದಿನವೂ ಚಕ್ಕೆ ಹಾಕಿದ್ದೇನಾದರೂ ತಿನ್ನುವ ಮನೆಯಾದರೆ ಶ್ರೀಲಂಕಾದ್ದೇ ವಾಸಿ.

ಕ್ಯಾಸಿಯಾವನ್ನು ಮಿಕ್ಸಿಗೆ ಹಾಕುವ ಮೊದಲು ಕಲ್ಲಿನಲ್ಲಿ ಜಜ್ಜಿ, ಬಾಣಲೆಯಲ್ಲಿ ಬೆಚ್ಚಗಷ್ಟೇ ಮಾಡಿ, ಪುಡಿಯಾದ ಮೇಲೆ ಜರಡಿ ಹಿಡಿಯಬೇಕು. ಇಲ್ಲದಿದ್ದರೆ ರೋಲ್ ತಿನ್ನುವಾಗ ಮರಳು ಅಗಿದಂತಿರುತ್ತದೆ.

ಹೂರಣಕ್ಕೆ ಮೆತ್ತನೆ ಬೆಣ್ಣೆ 80 ಗ್ರಾಂ, ಬೆಲ್ಲದ ಪುಡಿ 120 ಗ್ರಾಂ, ಚಕ್ಕೆ ಪುಡಿ 10 ಗ್ರಾಂ, ಚಿಟಿಕೆ ಉಪ್ಪು, ಮೈದಾ ಒಂದು ದೊಡ್ಡ ಚಮಚ. ಕೊನೆಯದನ್ನು ಬಿಡಬೇಡಿ. ಬೆಲ್ಲ ಕಾವಿಗೆ ಕರಗಿ ಹರಿಯುವಾಗ ಅದನ್ನು ಸುರುಳಿಯೊಳಗೇ ಹಿಡಿದಿಡುವುದು ಆ ಮೈದಾ. ಬೆಣ್ಣೆ ಕರಗಿಸಿ ಸುರಿದರೂ ಇದೇ ಗತಿ, ಹೂರಣವೆಲ್ಲ ತಳ ಸೇರುತ್ತದೆ. ಜೋನಿ ಬೆಲ್ಲದ ಆಸೆಯನ್ನಂತೂ ನೀರುದೋಸೆಗೇ ಇಟ್ಟುಕೊಳ್ಳಿ.

ಹಿಟ್ಟನ್ನು 40 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲಕ್ಕೆ ಲಟ್ಟಿಸಬೇಕು. ಎಳೆದಷ್ಟೂ ಹಿಂದಕ್ಕೆ ಬಂದರೆ ಬಲ ಪ್ರಯೋಗ ಬೇಡ, ಹತ್ತು ನಿಮಿಷ ಬಟ್ಟೆ ಮುಚ್ಚಿಟ್ಟರೆ ತಾನೇ ಸಡಿಲವಾಗುತ್ತದೆ. ಆಚೆ ಅಂಚಿನಲ್ಲಿ ಎರಡು ಸೆಂ.ಮೀ. ಖಾಲಿ ಬಿಟ್ಟು ಹೂರಣ ಸವರಿ, ಉದ್ದದ ಬದಿಯಿಂದ ಸುತ್ತಬೇಕು. ಚಾಪೆ ಸುತ್ತುವಂತೆ, ಹಗ್ಗ ಹೊಸೆಯುವಂತಲ್ಲ. ತೀರಾ ಬಿಗಿಯಾದರೆ ಬೇಯುವಾಗ ನಡುವಿನ ಸುತ್ತು ಗೋಪುರದಂತೆ ಮೇಲೇಳುತ್ತದೆ. ಕತ್ತರಿಸಲು ಚಾಕು ಬೇಡ, ಅದು ಸುರುಳಿಯನ್ನು ಚಪ್ಪಟೆ ಮಾಡುತ್ತದೆ. ಹೂ ಕಟ್ಟುವ ದಾರವನ್ನು ಸುರುಳಿಯ ಕೆಳಗೆ ತೂರಿಸಿ, ಎರಡೂ ತುದಿಗಳನ್ನು ಮೇಲೆ ಅಡ್ಡ ಹಾಯಿಸಿ ಎಳೆದರೆ ಕಚಕ್ಕನೆ ತುಂಡಾಗುತ್ತದೆ, ಸುತ್ತುಗಳು ಲೆಕ್ಕ ಹಾಕುವಷ್ಟು ಚೊಕ್ಕ. ಮೂರು ಸೆಂ.ಮೀ.ಗಿಂತ ತುಸು ದಪ್ಪಕ್ಕೆ ಹನ್ನೆರಡು. ಬಾಲದ ತುದಿಯನ್ನು ಅಡಿಗೆ ಮಡಚಿ, ಬೆಣ್ಣೆ ಸವರಿದ ತಟ್ಟೆಯಲ್ಲಿ ನಡುವೆ ಬೆರಳಗಲ ಬಿಟ್ಟು ಜೋಡಿಸಿ. ಚಿಕ್ಕ ಓಟಿಜಿ (ಮನೆಬಳಕೆಯ ವಿದ್ಯುತ್ ಓವನ್) ಇರುವವರಿಗೆ ಎಂಟು ಇಂಚಿನ ಎರಡು ದುಂಡನೆಯ ತಟ್ಟೆಗಳಲ್ಲಿ ಆರಾರು.

ಒಂಬತ್ತಕ್ಕೆ ಫ್ರಿಜ್ಜು. ಗಾಳಿಯಾಡದಂತೆ ಮುಚ್ಚಲೇಬೇಕು. ಬೆಣ್ಣೆಗೆ ಪಕ್ಕದವರ ವಾಸನೆ ಹತ್ತುವುದು ಬೇಗ, ಪಕ್ಕದಲ್ಲಿ ಹೆಚ್ಚಿಟ್ಟ ಈರುಳ್ಳಿ ಇರುತ್ತದೆ. ಎಂಟರಿಂದ ಹದಿನಾಲ್ಕು ಗಂಟೆ ಚಿಂತೆಯಿಲ್ಲ. ಅದಕ್ಕೂ ಮೀರಿದರೆ ಹುಳಿ ವಾಸನೆ.

ಬೆಳಗ್ಗೆ ಆರೂ ಮುಕ್ಕಾಲಿಗೆ ತೆಗೆದು ಹೊರಗಿಟ್ಟದ್ದು ಎಂಟೂ ಕಾಲಿಗೆ ಹದಕ್ಕೆ ಬಂತು. ರೋಲುಗಳು ಒಂದಕ್ಕೊಂದು ತಾಗಿ, ತಟ್ಟೆ ಅಲ್ಲಾಡಿಸಿದರೆ ತುಸು ನಡುಗಬೇಕು. ಅವಸರಕ್ಕೆ ಫ್ರಿಜ್ಜಿನಿಂದ ನೇರ ಓಟಿಜಿಗೆ ಇಟ್ಟರೆ ಹೊರಗೆ ಕಂದು, ನಡುವೆ ಹಸಿ. ಓಟಿಜಿಯನ್ನು ಎಂಟಕ್ಕೇ 180 ಡಿಗ್ರಿಗೆ ಹಾಕಿಟ್ಟಿರಿ, ಮೇಲೆ ಕೆಳಗೆ ಎರಡೂ ರಾಡು, ನಡು ಹಂತ. ಡಯಲ್ ಹೇಳುವ ಶಾಖವೇ ಬೇರೆ, ಒಳಗಿರುವುದೇ ಬೇರೆ ಆಗಿರುವುದುಂಟು. ಒಳಗಿಡುವ ಒಂದು ಪುಟ್ಟ ಥರ್ಮಾಮೀಟರ್ ಹಾಕಿದ ದುಡ್ಡಿಗೆ ಮೋಸ ಮಾಡುವುದಿಲ್ಲ. 22ರಿಂದ 25 ನಿಮಿಷ. ಹದಿನೈದನೆಯ ನಿಮಿಷಕ್ಕೇ ಮೇಲ್ಭಾಗ ಕೆಂಪಾದರೆ ಫಾಯಿಲ್ ಹೊದಿಸಿ. ನಡುವಿನ ರೋಲಿನ ಒಳಗೆ 88 ಡಿಗ್ರಿ ಬಂದರೆ ಬೆಂದಂತೆ.

ಮೇಲಿನ ಲೇಪಕ್ಕೆ ಕ್ರೀಮ್ ಚೀಸ್ ಹುಡುಕಿ ಹೋಗಲಿಲ್ಲ. ರಾತ್ರಿ ಫ್ರಿಜ್ಜಿನಲ್ಲೇ ಬಟ್ಟೆ ಕಟ್ಟಿ ಸೋರಿಸಿದ ಗಟ್ಟಿ ಮೊಸರು 150 ಗ್ರಾಂ, ಪುಡಿ ಸಕ್ಕರೆ 60 ಗ್ರಾಂ, ಬೆಣ್ಣೆ 25 ಗ್ರಾಂ: ಶ್ರೀಖಂಡದ ತಂಗಿ. ಹತ್ತು ನಿಮಿಷ ಆರಿದ ಮೇಲೆ ಸವರಿದರೆ ನಿಲ್ಲುತ್ತದೆ, ಸುಡುಬಿಸಿಯಲ್ಲಿ ಸವರಿದರೆ ನೀರಾಗುತ್ತದೆ. ಸ್ವೀಡನ್ನಿನ ಕ್ರಮದಲ್ಲಿ ಲೇಪವೇ ಇಲ್ಲ. ಬೇಯಿಸುವ ಮೊದಲೇ ಮುತ್ತಿನಂಥ ಸಕ್ಕರೆ ಹರಳು ಉದುರಿಸುತ್ತಾರೆ, ಅದಕ್ಕೆ ಕಲ್ಲುಸಕ್ಕರೆಯನ್ನು ಸಾಸಿವೆ ಗಾತ್ರಕ್ಕೆ ಕುಟ್ಟಿಕೊಂಡರೆ ನಡೆಯುತ್ತದೆ.

ಉಳಿದರೆ ಡಬ್ಬಿಯಲ್ಲಿ ಹೊರಗೇ ಇಡಿ, ಲೇಪ ಸವರದವನ್ನು. ಬೆಂದ ರೋಲಿಗೆ ಫ್ರಿಜ್ಜು ಆಗದು. ಆ ತಂಪಿನಲ್ಲೇ ಪಿಷ್ಟ ಬಹಳ ಬೇಗ ಬಿರುಸಾಗುತ್ತದೆ. ಒಂದು ದಿನ ದಾಟುವಂತಿದ್ದರೆ ಫ್ರೀಜರ್. ತಟ್ಟೆಯಿಂದ ಬಿಡಿಸುವುದನ್ನು ಮಾತ್ರ ಹತ್ತು ನಿಮಿಷದೊಳಗೆ ಮುಗಿಸಿ. ಅಂಚಿಗೆ ಸೋರಿದ ಬೆಲ್ಲ ಆರಿದ ಮೇಲೆ ಚಿಕ್ಕಿಯಂತೆ ಕಚ್ಚಿಕೊಳ್ಳುತ್ತದೆ, ಆಮೇಲೆ ಕುದಿನೀರು ಹೊಯ್ದು ಕಾಯುವುದೊಂದೇ ದಾರಿ.