ಮೂರು ವಾರ ತುಳಿದು ಆರಿಸಿದ ಮರ

ಮನೆಯ ನೆಲಕ್ಕೆ ಹಾಸಲು ನನಗೆ ಬೇಕಾಗಿದ್ದದ್ದು ವಾಲ್‌ನಟ್ ಮರ. ಮಳಿಗೆಯಲ್ಲಿ ಆ ಕಡುಕಂದು ಹಲಗೆಯ ಮೇಲೆ ಅಂಗೈ ಆಡಿಸಿದ ಮೇಲೆ ಬೇರೆ ಮರದತ್ತ ಕಣ್ಣು ಹೋಗಲೇ ಇಲ್ಲ. ಮನೆಗೆ ಬಂದು ವರ್ಣಿಸಿದಾಗ ಅಮ್ಮ ಕೇಳಿದಳು, "ಕಾಲಲ್ಲಿ ತುಳಿಯುವುದನ್ನು ಕೈಯಲ್ಲಿ ಸವರಿ ಆರಿಸುತ್ತೀಯೇನೆ?"

ಆ ಮಾತು ನನ್ನನ್ನು ತಡೆದು ನಿಲ್ಲಿಸಿತು. ನಮ್ಮದು ದಿನವಿಡೀ ಓಡಾಟದ ಮನೆ. ಊರುಗೋಲು ಹಿಡಿದು ನಡೆಯುವ ಅಮ್ಮ, ಚೆಂಡನ್ನು ಒಳಗೇ ಒದೆಯುವ ಇಬ್ಬರು ಮಕ್ಕಳು, ಬಾಗಿಲ ಸದ್ದಾದರೆ ಉಗುರೂರಿ ಓಡುವ ನಾಯಿ. ಹಾಗಾಗಿ ವಾಲ್‌ನಟ್, ಕೆಂಪು ಓಕ್, ಬಿಳಿ ಓಕ್, ಗಟ್ಟಿ ಮೇಪಲ್, ಹಿಕರಿ ಎಂದು ಐದು ಮರಗಳ ಮಾದರಿ ತುಂಡುಗಳನ್ನು ತಂದೆವು. ಬಡಗಿ ಎಲ್ಲದರ ಅರ್ಧಭಾಗಕ್ಕೆ ಒಂದೇ ಬಗೆಯ ಮಂದ ಹೊಳಪಿನ ಲೇಪ ಬಳಿದು, ಉಳಿದರ್ಧವನ್ನು ಹಾಗೆಯೇ ಬಿಟ್ಟು, ಒಂದು ಪ್ಲೈವುಡ್ ಹಾಳೆಗೆ ಸಾಲಾಗಿ ಜೋಡಿಸಿಕೊಟ್ಟರು. ಅದನ್ನು ಹೊರಬಾಗಿಲಿನ ಒಳಗೆ, ಯಾರೂ ದಾಟದೆ ಹೋಗಲಾಗದ ಕಡೆ ಹಾಸಿದೆವು.

ಅದಕ್ಕೂ ಮೊದಲು ಅಂಕಿಗಳನ್ನು ಓದಿಕೊಂಡಿದ್ದೆ. ಮರದ ಗಡಸುತನ ಅಳೆಯಲು ಜಾಂಕಾ ಪರೀಕ್ಷೆ ಎಂದಿದೆ. 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡನ್ನು ಅರ್ಧದವರೆಗೆ ಮರದೊಳಗೆ ಒತ್ತಲು ಎಷ್ಟು ಬಲ ಬೇಕು ಎಂಬುದೇ ಅದರ ಲೆಕ್ಕ. ಪೌಂಡ್‌ಗಳಲ್ಲಿ ಹೇಳುವುದಾದರೆ ವಾಲ್‌ನಟ್‌ಗೆ 1010, ಕೆಂಪು ಓಕ್‌ಗೆ 1290, ಬಿಳಿ ಓಕ್‌ಗೆ 1360, ಗಟ್ಟಿ ಮೇಪಲ್‌ಗೆ 1450, ಹಿಕರಿಗೆ 1820. ಅಂಕಿಯನ್ನೇ ನಂಬುವುದಾದರೆ ಹಿಕರಿ ಕೊಂಡು ಸುಮ್ಮನಾಗಬಹುದಿತ್ತು.

ಎರಡನೆಯ ದಿನವೇ ಮಗನ ಕೈಯಿಂದ ಸುತ್ತಿಗೆ ಜಾರಿ ವಾಲ್‌ನಟ್ ಮೇಲೆ ಬಿತ್ತು. ಹೆಬ್ಬೆರಳ ತುದಿ ಕೂರುವಷ್ಟು ತಗ್ಗು. ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಅದೇ ಸುತ್ತಿಗೆಯನ್ನು ಅದೇ ಎತ್ತರದಿಂದ ಹಿಕರಿಯ ಮೇಲೆ ಬೀಳಿಸಿದೆ, ಗುರುತನ್ನು ಹುಡುಕಬೇಕಾಯಿತು.

ಆದರೆ ತಗ್ಗು ಬೇರೆ, ಗೀರು ಬೇರೆ. ಮೂರನೆಯ ವಾರದ ಕೊನೆಗೆ ರಾತ್ರಿ ದೀಪವಾರಿಸಿ, ಟಾರ್ಚನ್ನು ನೆಲಕ್ಕೆ ತಾಗುವಂತೆ ಅಡ್ಡ ಹಿಡಿದು ಮಂಡಿಯೂರಿ ನೋಡಿದೆ. ಪಾದರಕ್ಷೆಗಳೊಂದಿಗೆ ಬಂದ ಮರಳು ಐದೂ ಹಲಗೆಗಳನ್ನು ಒಂದೇ ಸಮ ಗೀಚಿತ್ತು. ಮರಳು ಮೊದಲು ಗೀಚುವುದು ಲೇಪವನ್ನು. ಅದಕ್ಕೆ ಕೆಳಗಿನ ಮರ ಎಷ್ಟು ಗಟ್ಟಿ ಎಂಬುದು ಲೆಕ್ಕಕ್ಕಿಲ್ಲ. ಮೇಪಲ್‌ನ ಮೈ ನಯ, ಬಣ್ಣ ತಿಳಿ, ಎಳೆಗಳು ಕಂಡೂ ಕಾಣದಷ್ಟು. ಬಿಳಿ ಹಾಳೆಯ ಮೇಲಿನ ಪೆನ್ಸಿಲ್ ಗೆರೆಗಳಂತೆ ಅದರಲ್ಲಿ ಪ್ರತಿಯೊಂದು ಗೀರೂ ಎದ್ದು ಕಾಣುತ್ತಿತ್ತು. ಓಕ್‌ಗಳಲ್ಲಿ ಒರಟು ಎಳೆಗಳ ನಡುವೆ ಗೀರು ಯಾವುದು, ಮರದ ಗೆರೆ ಯಾವುದು ಎಂದು ಬೇರ್ಪಡಿಸಲು ಮೂಗು ತಾಗಿಸಬೇಕಾಯಿತು. ಬಳಕೆಯ ಮನೆಗೆ ಬೇಕಾದ ಗುಣ ಇದೇ ಎಂದು ನನಗೆ ಖಾತ್ರಿಯಾದದ್ದು ಆಗ.

ಹಿಕರಿಯನ್ನು ಬಿಟ್ಟದ್ದು ಬಡಗಿಯ ಮಾತಿನಿಂದ. ಗಾಳಿಯ ತೇವ ಏರಿಳಿದರೆ ಅದು ಓಕ್‌ಗಿಂತ ಹೆಚ್ಚು ಹಿಗ್ಗಿ ಕುಗ್ಗುತ್ತದೆ, ಹಲಗೆಗಳ ನಡುವೆ ಸಂದು ಬೀಳುತ್ತದೆ ಎಂದರು. ಅದರ ಬಿಳಿ ಹೊರಮರ ಮತ್ತು ಕಂದು ಚೇಗಿನ, ಅಂದರೆ ಒಳಮರದ, ಪಟ್ಟೆಗಳೂ ನನ್ನ ಕಣ್ಣಿಗೆ ಗದ್ದಲವೆನಿಸಿದ್ದವು.

ಉಳಿದದ್ದು ಎರಡು ಓಕ್. ಬಡಗಿ ಎರಡರ ಚೇಗಿನಿಂದಲೂ ಎಳೆಯುದ್ದಕ್ಕೆ ಬೆರಳುದ್ದದ ಕಡ್ಡಿ ಸೀಳಿ ಮಗಳ ಕೈಗಿತ್ತು, "ಒಂದು ತುದಿ ನೀರಿನಲ್ಲಿ ಅದ್ದಿ ಊದು ಮಗು" ಎಂದರು. ಅವಳು ಕೆನ್ನೆಯುಬ್ಬಿಸಿ ಊದಿದಳು. ಕೆಂಪು ಓಕ್‌ನ ತುದಿಯಿಂದ ಗುಳುಗುಳು ಗುಳ್ಳೆಗಳೆದ್ದವು! ಗಟ್ಟಿ ಮರದೊಳಗಿಂದ ಉಸಿರು ಹಾದು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಬಿಳಿ ಓಕ್ ಊದಿ ಊದಿ ಮುಖ ಕೆಂಪಾದರೂ ಒಂದು ಗುಳ್ಳೆಯಿಲ್ಲ. ಅದರ ಚೇಗಿನ ಕೊಳವೆಗಳನ್ನು ಮರ ತಾನೇ ಒಳಗಿನಿಂದ ಮುಚ್ಚಿಕೊಂಡಿರುತ್ತದೆ. ಮದ್ಯವನ್ನು ವರ್ಷಗಟ್ಟಲೆ ಸೋರದಂತೆ ಹಿಡಿದಿಡುವ ಪೀಪಾಯಿಗಳಿಗೆ ಅದನ್ನು ಬಳಸುವುದು ಇದರಿಂದಲೇ. ನೀರು ಚೆಲ್ಲುವ ಮಕ್ಕಳಿರುವ ಮನೆಗೆ ಇನ್ನೇನು ಸಾಕ್ಷಿ ಬೇಕು?

ಅದಕ್ಕೂ ಒಂದು ಕುಂದಿದೆ. ಲೇಪವಿಲ್ಲದ ಅರ್ಧದ ಮೇಲೆ ಒದ್ದೆ ಮೊಳೆಯೊಂದನ್ನು ರಾತ್ರಿಯಿಡೀ ಇಟ್ಟಿದ್ದೆ. ಬೆಳಿಗ್ಗೆ ಎತ್ತಿದರೆ ಅದರ ನೆರಳೇ ಅಂಟಿಕೊಂಡಂತೆ ನೀಲಿಗಪ್ಪು ಕಲೆ. ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದೊಂದಿಗೆ ಸೇರಿದರೆ ಹಾಗಾಗುತ್ತದೆ. ಅಮ್ಮ ಅದನ್ನು ನೋಡಿ, "ಕುಂದು ಮೊದಲೇ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು" ಎಂದಳು.

19 ಮಿಲಿಮೀಟರ್ ದಪ್ಪದ ಬಿಳಿ ಓಕ್ ಹಲಗೆಗಳು ಬಂದವು. ಅವುಗಳ ತೇವಕ್ಕೂ ಕೆಳಗಿನ ಪ್ಲೈವುಡ್‌ನ ತೇವಕ್ಕೂ ವ್ಯತ್ಯಾಸ ಶೇಕಡಾ 2ಕ್ಕೆ ಇಳಿಯುವವರೆಗೆ ಮನೆಯೊಳಗೇ ಬಿಟ್ಟು, ಆಮೇಲೆ ಹಾಸಿದರು. ಮೇಲೆ ಗಟ್ಟಿ ಮೇಣ ಬೆರೆತ ಎಣ್ಣೆ ಬಳಿಸಿದೆ, ಕೆಟ್ಟ ಜಾಗವನ್ನಷ್ಟೇ ಉಜ್ಜಿ ಸರಿಪಡಿಸಬಹುದೆಂದು.

ಹೂಕುಂಡಗಳ ಕಬ್ಬಿಣದ ಸ್ಟ್ಯಾಂಡ್ ಈಗ ಹೊರಗಿದೆ. ಅಮ್ಮ ತಾನೇ ಕೇಳಿ ಊರುಗೋಲಿಗೆ ಹೊಸ ರಬ್ಬರ್ ತೊಡಿಸಿಕೊಂಡಿದ್ದಾಳೆ. ಆ ವಾಲ್‌ನಟ್ ತುಂಡನ್ನು ನನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ, ಸುತ್ತಿಗೆಯ ತಗ್ಗಿನ ಸಮೇತ.