ನಿಮ್ಮ ತೋಟದವರು ಅಸ್ಸಾಮಿನವರಾ, ಬಾಂಗ್ಲಾದವರಾ?

ಕುಶಾಲನಗರದ ನಮ್ಮ ಲೇಔಟ್‌ನಲ್ಲಿ ಸಂಜೆ ವಾಕಿಂಗ್ ಹೊರಟರೆ ಈ ಪ್ರಶ್ನೆ ಎದುರಾಗುತ್ತದೆ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ಕೇಳುತ್ತಾರೆ. ಬೆಂಗಳೂರಿನಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದರೆ ಮಳೆ ಹೇಗಿದೆ, ಕಾಫಿ ರೇಟು ಎಷ್ಟು ಅಂತ ವಿಚಾರಿಸಿ, ಮೂರನೆಯದಾಗಿ ಇದನ್ನೇ ಕೇಳುತ್ತಾನೆ.

ನಂದು ಸಿದ್ದಾಪುರದ ಕಡೆ ಹನ್ನೆರಡು ಎಕರೆ ರೋಬಸ್ಟಾ ಕಾಫಿ. ಅಪ್ಪ ಮಾಡಿದ ತೋಟ. ಅಪ್ಪ ಹೋದ ಮೇಲೆ ನಾನು ನೋಡಿಕೊಳ್ಳುತ್ತಿದ್ದೇನೆ. ಮಕ್ಕಳ ಸ್ಕೂಲಿಗಾಗಿ ಮನೆ ಕುಶಾಲನಗರದಲ್ಲಿ. ಹಾಗಾಗಿ ಬೆಳಿಗ್ಗೆ ತೋಟದವರಿಗೆ ಕೆಲಸ ಕೊಡುವವಳೂ ನಾನೇ, ಸಂಜೆ ಅವರ ಮೇಲಿನ ದೂರು ಕೇಳುವವಳೂ ನಾನೇ.

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಈ ಕುಯ್ಲಿಗೆ ನನ್ನ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲು ಮನೆಯಲ್ಲಿ, ಒಂಬತ್ತು ಜನ ಇದ್ದಾರೆ. ಏಳು ಜನ ಅಸ್ಸಾಮಿನ ಬರ್ಪೇಟಾ, ಗೋಲ್‌ಪಾರಾ ಜಿಲ್ಲೆಯವರು. ಇಬ್ಬರು ಪಶ್ಚಿಮ ಬಂಗಾಳದ ಕೂಚ್‌ಬಿಹಾರದವರು. ಅವರ ಆಧಾರ್ ಕಾರ್ಡಿನಲ್ಲಿ ಹಾಗಿದೆ.

ಇಷ್ಟು ಹೇಳಿದರೆ ಕೇಳಿದವರು ಸಣ್ಣಗೆ ನಗುತ್ತಾರೆ. "ಆಧಾರ್ ಯಾರಿಗೆ ಬೇಕಾದ್ರೂ ಸಿಗುತ್ತೆ ಬಿಡಿ ಮೇಡಂ." ಅವರು ಹೇಳುವುದು ನಕಲಿ ಕಾರ್ಡಿನ ಬಗ್ಗೆ. ಆದರೆ ಅಸಲಿ ಕಾರ್ಡಿನ ಕತೆಯೂ ಅಷ್ಟೇ. ಒಂದು ವರ್ಷದಲ್ಲಿ 182 ದಿನ ಈ ದೇಶದಲ್ಲಿ ವಾಸ ಮಾಡಿದವರು ಆಧಾರ್ ಪಡೆಯಬಹುದು. ಅದು ಪೌರತ್ವಕ್ಕೆ ಪುರಾವೆ ಅಲ್ಲ ಅಂತ 2016ರ ಆಧಾರ್ ಕಾಯ್ದೆಯಲ್ಲೇ ಬರೆದಿದೆ. ನನ್ನ ಕೆಲಸದವರಿಗೆ ಹೇಗೋ, ನಗುವವರಿಗೂ ಹಾಗೇ.

ಮುಂದಿನ ಮಾತು ಭಾಷೆಯದು. "ಬಂಗಾಳಿ ಮಾತಾಡ್ತಾರಲ್ಲ, ಅಲ್ಲೇ ಗೊತ್ತಾಗಲ್ವಾ?"

ಹೋದ ವರ್ಷ ಜನವರಿಯ ಒಂದು ಸಂಜೆ. ಹಣ್ಣು ತೂಕ ಹಾಕಿ ಆಗಿತ್ತು. ಯಾರು ಎಷ್ಟು ಕೆಜಿ ಕುಯ್ದರು ಅಂತ ನಾನೊಂದು ಪುಸ್ತಕದಲ್ಲಿ ಬರೆಯುತ್ತೇನೆ, ಬರ್ಪೇಟಾದ ಹುಡುಗನೊಬ್ಬ ತನ್ನದೇ ಪುಸ್ತಕದಲ್ಲಿ ಬರೆಯುತ್ತಾನೆ. ನನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಬೇರೆ ತೋಟಗಳಲ್ಲಿ ಪೆಟ್ಟು ತಿಂದಿದ್ದಾನೆ. ಅವನು ಹೆಸರು ಬರೆಯುವುದನ್ನು ನೋಡಿ ಕೂಚ್‌ಬಿಹಾರದವನು ನಕ್ಕ. ಏನು ಅಂತ ಕೇಳಿದೆ. ಇಬ್ಬರೂ ಸೇರಿ ನನಗೆ ಪಾಠ ಮಾಡಿದರು. ಅಸ್ಸಾಮಿ ಲಿಪಿಯ 'ರ' ಅಕ್ಷರದ ಹೊಟ್ಟೆಗೆ ಒಂದು ಓರೆ ಗೀಟು. ಬಂಗಾಳಿ 'ರ' ಅಕ್ಷರದ ಕೆಳಗೆ ಒಂದು ಚುಕ್ಕಿ. ಉಳಿದ ಅಕ್ಷರಗಳು ಹೆಚ್ಚು ಕಡಿಮೆ ಒಂದೇ. ಹುಡುಗ ಶಾಲೆಯಲ್ಲಿ ಕಲಿತದ್ದು ಅಸ್ಸಾಮಿ, ಮನೆಯಲ್ಲಿ ಆಡುವುದು ಬಂಗಾಳಿಯ ಒಂದು ಬಗೆ. ಬ್ರಹ್ಮಪುತ್ರೆಯ ನಡುಗಡ್ಡೆಗಳಲ್ಲಿ, ಅವರು ಚರ್ ಅನ್ನುತ್ತಾರೆ, ಇಂಥ ಮನೆಗಳು ಲಕ್ಷಗಟ್ಟಲೆ ಇವೆ. ಅವರ ಹಿರಿಯರು ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್ ಕಡೆಯಿಂದ ನೂರು ವರ್ಷದ ಹಿಂದೆ ಬೇಸಾಯಕ್ಕೆ ಬಂದವರು. ಆಗ ಅದೂ ಇದೂ ಬ್ರಿಟಿಷರ ಕೈಕೆಳಗಿನ ಒಂದೇ ದೇಶ. ನಡುವೆ ಗಡಿಯೇ ಇರಲಿಲ್ಲ.

ಅದೇ ಅಸ್ಸಾಮಿನ ಬರಾಕ್ ಕಣಿವೆಯಲ್ಲಿ ಬಂಗಾಳಿಯೇ ಆಡಳಿತ ಭಾಷೆ. ಅದಕ್ಕಾಗಿ 1961ರ ಮೇ 19ರಂದು ಸಿಲ್ಚಾರ್‌ನಲ್ಲಿ ಹನ್ನೊಂದು ಜನ ಪೊಲೀಸರ ಗುಂಡಿಗೆ ಸತ್ತಿದ್ದಾರೆ. ಬಂಗಾಳಿ ಮಾತಾಡಿದವರೆಲ್ಲ ಬಾಂಗ್ಲಾದವರು ಅನ್ನುವುದಾದರೆ ಕಾಸರಗೋಡಿನ ಕನ್ನಡಿಗರನ್ನು ಏನನ್ನೋಣ? ದೂರ ಯಾಕೆ, ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಎರವ ಭಾಷೆ ಎಲ್ಲ ಒಂದೇ ಸಂತೆಯಲ್ಲಿ ಕೇಳಿಸುವ ಜಿಲ್ಲೆ ನಮ್ಮದು. ಮಾತು ಕೇಳಿ ಊರು ಹೇಳುವ ಧೈರ್ಯ ನಮಗಂತೂ ಇರಬಾರದು.

ಆ ಹುಡುಗನ ಚೀಲದಲ್ಲಿ ಒಂದು ಪ್ಲಾಸ್ಟಿಕ್ ಫೈಲ್ ಇದೆ. ಬಟ್ಟೆಗಿಂತ ಜೋಪಾನವಾಗಿ ಇಡುತ್ತಾನೆ. ಒಳಗೆ ಅಜ್ಜನ ಹೆಸರಿರುವ 1966ರ ಮತದಾರರ ಪಟ್ಟಿಯ ನಕಲು, ಲ್ಯಾಮಿನೇಷನ್ ಮಾಡಿಸಿದ್ದು. ಅಸ್ಸಾಮಿನಲ್ಲಿ ಎನ್‌ಆರ್‌ಸಿ ಅನ್ನುವ ಪೌರರ ಪಟ್ಟಿಗೆ ಸೇರಲು 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚೆ ತನ್ನ ಕುಟುಂಬ ಇಲ್ಲಿತ್ತು ಅಂತ ತೋರಿಸಬೇಕಿತ್ತು. 1985ರ ಅಸ್ಸಾಂ ಒಪ್ಪಂದದಿಂದ ಬಂದ ದಿನಾಂಕ ಅದು. 2019ರ ಆಗಸ್ಟ್ 31ರಂದು ಎನ್‌ಆರ್‌ಸಿಯ ಕೊನೆಯ ಪಟ್ಟಿ ಬಂತು. 3.11 ಕೋಟಿ ಜನರ ಹೆಸರು ಸೇರಿತು, 19 ಲಕ್ಷ ಜನರದ್ದು ಬಿಟ್ಟುಹೋಯಿತು. ಇವನ ಮನೆಯಲ್ಲಿ ಇವನದ್ದು ಇದೆ, ಅತ್ತಿಗೆಯದ್ದು ಇಲ್ಲ. ಅವಳ ತವರಿನ ಕಾಗದದಲ್ಲಿ ಅಪ್ಪನ ಹೆಸರಿನ ಕಾಗುಣಿತ ಬೇರೆ ಇತ್ತಂತೆ. ನಾನು ಮನೆಗೆ ಬಂದು ನಮ್ಮ ಅಜ್ಜನ ಹೆಸರು 1966ರ ಯಾವ ಪಟ್ಟಿಯಲ್ಲಿದೆ ಅಂತ ಹುಡುಕೋಣ ಅಂದುಕೊಂಡೆ. ಎಲ್ಲಿಂದ ಶುರು ಮಾಡಬೇಕು ಅನ್ನುವುದೇ ತಿಳಿಯಲಿಲ್ಲ.

ಹಾಗಂತ ಪ್ರಶ್ನೆ ಕೇಳುವವರು ದಡ್ಡರು ಅಂತ ನಾನು ಹೇಳುವುದಿಲ್ಲ. ಪಾಸ್‌ಪೋರ್ಟ್ ಇಲ್ಲದೆ ಗಡಿ ದಾಟಿ ಬಂದವರು ಕರ್ನಾಟಕದಲ್ಲಿ ಸಿಕ್ಕಿಬಿದ್ದದ್ದು ಸುಳ್ಳಲ್ಲ. ತೋಟದ ನಡುವಿನ ಒಂಟಿ ಮನೆಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ, ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ. ಲೈನಿನಲ್ಲಿ ಹೆಸರೂ ಸರಿಯಾಗಿ ಗೊತ್ತಿಲ್ಲದ ಹತ್ತು ಗಂಡಸರು. ಭಯ ಆಗದೇ ಇರುತ್ತಾ? 2020ರ ಜನವರಿಯಲ್ಲಿ ಕೊಡಗಿನ ಪೊಲೀಸರು ಹೊರ ರಾಜ್ಯದ ಸಾವಿರಾರು ಕಾರ್ಮಿಕರನ್ನು ಕರೆಸಿ ದಾಖಲೆ ನೋಡಿದರು. ಆವತ್ತು ಬೆಳಿಗ್ಗೆ ಜೀಪು, ಪಿಕಪ್‌ಗಳಲ್ಲಿ ಜನರನ್ನು ತುಂಬಿಕೊಂಡು ಹೋದ ಮಾಲೀಕರಲ್ಲಿ ನಾನೂ ಒಬ್ಬಳು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಮೂರು ವರ್ಷದ ಹಿಂದೆ, ಕೆಲಸದವರನ್ನು ಕರೆತರುವ ಏಜೆಂಟ್ ನಾಲ್ಕು ಜನರನ್ನು ತಂದು ಬಿಟ್ಟ. ಆಧಾರ್ ಜೆರಾಕ್ಸ್ ಕೊಟ್ಟ. ನಾಲ್ಕರಲ್ಲೂ ಒಂದೇ ವಿಳಾಸ, ಆದರೆ ನಾಲ್ವರೂ ಅಣ್ಣತಮ್ಮಂದಿರಲ್ಲ. ಒರಿಜಿನಲ್ ಕೇಳಿದೆ. ನಾಳೆ ಅಂದ. ನಾಳೆ ಬರಲಿಲ್ಲ. ಬೇಡ ಅಂತ ಕಳಿಸಿದೆ. ಮುಂದಿನ ವಾರ ಅದೇ ನಾಲ್ವರು ನಮ್ಮ ಪಕ್ಕದ ಊರಿನ ತೋಟದಲ್ಲಿ ಕಾಫಿ ಕುಯ್ಯುತ್ತಿದ್ದರು. ಅವರು ಎಲ್ಲಿಯವರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಏಜೆಂಟ್ ಎಲ್ಲಿಯವನು ಅಂತ ಗೊತ್ತು, ಇಲ್ಲಿಯವನೇ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಲೇಔಟ್‌ನಿಂದ ಕಾವೇರಿ ಸೇತುವೆ ದಾಟಿ ಕೊಪ್ಪದ ಮೇಲೆ ಹೋದರೆ ಬೈಲಕುಪ್ಪೆ. 1960ರ ಸುಮಾರಿಗೆ ಬಂದ ಟಿಬೆಟಿಯನ್ನರ ಊರು. ಅವರಲ್ಲಿ ಹೆಚ್ಚಿನವರು ಕಾನೂನಿನ ಲೆಕ್ಕದಲ್ಲಿ ಇವತ್ತಿಗೂ ವಿದೇಶಿಯರೇ, ರಿಜಿಸ್ಟ್ರೇಷನ್ ಪತ್ರ ಇಟ್ಟುಕೊಂಡು ಇದ್ದಾರೆ. ಭಾನುವಾರ ನಾವು ಮಕ್ಕಳನ್ನು ಕರೆದುಕೊಂಡು ಗೋಲ್ಡನ್ ಟೆಂಪಲ್ ನೋಡಿ ಮೊಮೊ ತಿಂದು ಬರುತ್ತೇವೆ. ನಿಜವಾದ ವಿದೇಶಿಯರನ್ನು ಇಷ್ಟು ಹತ್ತಿರ ಇಟ್ಟುಕೊಂಡು ಅರವತ್ತು ವರ್ಷ ಬಾಳಿದ ಊರು ನಮ್ಮದು. ಅವರ ಕೈಯಲ್ಲಿ ಕಾಗದ ಇದೆ, ಅದು ಸರಿ. ಆದರೆ ನಮ್ಮ ಸಿಟ್ಟು ಬರೀ ಕಾಗದದ್ದಾಗಿದ್ದರೆ ಬರ್ಪೇಟಾದ ಹುಡುಗನ ಫೈಲ್ ನೋಡಿದ ಮೇಲಾದರೂ ಇಳಿಯಬೇಕಿತ್ತಲ್ವಾ?

ಹಾಡಿಯ, ಅಂದರೆ ಇಲ್ಲಿನ ಆದಿವಾಸಿ ಕೇರಿಗಳ, ಜನರ ದೂರು ಬೇರೆ. ಅದನ್ನು ಕೇಳಿದರೆ ನನಗೆ ಉತ್ತರ ಹೊಳೆಯುವುದಿಲ್ಲ. ಅಪ್ಪನ ಕಾಲದಿಂದ ನಮ್ಮಲ್ಲಿ ಕೆಲಸ ಮಾಡಿದ ಎರವರ ಹೆಂಗಸೊಬ್ಬರು ಹೋದ ವರ್ಷ ಮುಖಕ್ಕೇ ಹೇಳಿದರು: "ಅಕ್ಕಾ, ಅಸ್ಸಾಮಿಗಳು ಬಂದ ಮೇಲೆ ನಮ್ಮನ್ನ ಮಳೆಗಾಲದಲ್ಲಿ ಯಾರೂ ಕರೆಯಲ್ಲ. ಕುಯ್ಲಿಗೆ ಮಾತ್ರ ನೆನಪಾಗ್ತೀವಿ." ಅದು ನಿಜ. ಸ್ಥಳೀಯರು ಸಿಗುವುದಿಲ್ಲ ಅಂತ ನಾವು ಮಾಲೀಕರು ಹೇಳುತ್ತೇವೆ. ಹುಡುಗರು ಕುಟ್ಟ ದಾಟಿ ವಯನಾಡಿಗೆ ಹೋಗುತ್ತಾರೆ, ಅಲ್ಲಿ ಕೂಲಿ ಜಾಸ್ತಿ, ಅದೂ ನಿಜ. ಆದರೆ ಹಾಡಿಯವರಿಗೆ ಇರಲು ಜಾಗ ಎಲ್ಲಿದೆ? ಲೈನ್ ಮನೆಯಲ್ಲಿದ್ದರೆ ಮಾಲೀಕನ ಮರ್ಜಿ. ಲೈನ್ ಬಿಟ್ಟು ಬಂದು ದಿಡ್ಡಳ್ಳಿಯಲ್ಲಿ ಗುಡಿಸಲು ಹಾಕಿಕೊಂಡವರನ್ನು 2016ರ ಡಿಸೆಂಬರ್‌ನಲ್ಲಿ ಒಕ್ಕಲೆಬ್ಬಿಸಿದ್ದು ನೆನಪಿರಬಹುದು. ಖಾಲಿಯಾದ ಅದೇ ಲೈನ್ ಮನೆಗಳಲ್ಲಿ ಈಗ ಅಸ್ಸಾಮಿನವರು ಇದ್ದಾರೆ. ಅವರಿಗೆ ಇಲ್ಲಿ ವೋಟಿಲ್ಲ, ಜಾಗ ಕೇಳುವುದಿಲ್ಲ, ಅಡ್ವಾನ್ಸ್ ಕಡಿಮೆ, ಭಾನುವಾರವೂ ಕೆಲಸ ಮಾಡುತ್ತಾರೆ. 'ಒಳ್ಳೆ ಕೆಲಸದವರು' ಅಂತ ನಾವು ಹೊಗಳುವುದು ಇದನ್ನೇ.

ಈಗ ಕೂಲಿಯ ಲೆಕ್ಕ. ಇದನ್ನು ಯಾರೂ ಕೇಳುವುದಿಲ್ಲ, ನಾನೇ ಹೇಳುತ್ತೇನೆ. ಐವತ್ತು ಕೆಜಿಯ ಒಂದು ಚೀಲ ಒಣ ರೋಬಸ್ಟಾ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಆಗಬೇಕಾದರೆ ಹೆಚ್ಚು ಕಡಿಮೆ 110ರಿಂದ 120 ಕೆಜಿ ಹಣ್ಣು ಬೇಕು. ಕೆಜಿಗೆ ಐದು ರೂಪಾಯಿ ಅಂದರೆ ಕುಯ್ಲಿನ ಖರ್ಚು ಚೀಲಕ್ಕೆ 550ರಿಂದ 600. ಚೀಲಕ್ಕೆ ನಾಲ್ಕು ಸಾವಿರ ಸಿಗುತ್ತಿದ್ದಾಗ ಅದು ಭಾರ ಅನಿಸುತ್ತಿತ್ತು. 2024ರಲ್ಲಿ ಚೀಲ ಹತ್ತು ಸಾವಿರ ದಾಟಿತು. ಕುಯ್ಲಿನ ರೇಟು ನಮ್ಮ ಕಡೆ ಏರಿದ್ದು ಒಂದು ರೂಪಾಯಿ. ಅಂದರೆ ಚೀಲಕ್ಕೆ ಸುಮಾರು 115 ರೂಪಾಯಿ. ಗೊಬ್ಬರ ಜಾಸ್ತಿ ಆಗಿದೆ, ಆನೆ ಕಾಟ ಇದೆ, ಮಳೆ ಕೈಕೊಡುತ್ತದೆ, ಎಲ್ಲ ಒಪ್ಪಿದೆ. ಆದರೂ ಈ ಲೆಕ್ಕ ಹಾಕಿದ ರಾತ್ರಿ ನನಗೆ ನಾಚಿಕೆಯಾಯಿತು.

ಆ ರೂಪಾಯಿಯೂ ಕೆಲಸದವರ ಕೈಗೆ ಹೋಗುತ್ತಿರಲಿಲ್ಲ. ನಾನು ಏಜೆಂಟ್‌ಗೆ ಆರು ಕೊಡುತ್ತಿದ್ದೆ, ಅವನು ಇವರಿಗೆ ಐದು ಕೊಡುತ್ತಿದ್ದ. ಒಂದು ರೂಪಾಯಿ ಅವನದು. ಯಾರಾದರೂ ಬಾಯಿ ತೆರೆದರೆ "ಪೊಲೀಸ್‌ಗೆ ಹೇಳ್ತೀನಿ, ಬಾಂಗ್ಲಾ ಅಂತ ಹಿಡ್ಕೊಂಡು ಹೋಗ್ತಾರೆ" ಅನ್ನುತ್ತಿದ್ದನಂತೆ. ಪಕ್ಕಾ ದಾಖಲೆ ಇರುವವರಿಗೂ ಈ ಮಾತು ಸಾಕು. 2025ರ ಜೂನ್‌ನಲ್ಲಿ ದೆಹಲಿಯಲ್ಲಿ ಕೆಲಸ ಮಾಡುತ್ತಿದ್ದ ಪಶ್ಚಿಮ ಬಂಗಾಳದ ಬೀರ್‌ಭೂಮ್ ಜಿಲ್ಲೆಯ ಗರ್ಭಿಣಿಯೊಬ್ಬರನ್ನು ಬಾಂಗ್ಲಾದೇಶಕ್ಕೆ ದಬ್ಬಿದ್ದರು. ಅವರು ವಾಪಸ್ ಬರಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ಬಂದದ್ದು ಡಿಸೆಂಬರ್‌ನಲ್ಲಿ. ನಮ್ಮ ಲೈನಿನಲ್ಲಿ ಆ ಸುದ್ದಿ ಎಲ್ಲರ ಫೋನಿನಲ್ಲೂ ಇತ್ತು. ವಾಕಿಂಗ್‌ನಲ್ಲಿ ನಾವು ಸುಮ್ನೆ ಕೇಳುವ ಪ್ರಶ್ನೆಯೇ ಏಜೆಂಟ್‌ನ ಕೈಯಲ್ಲಿ ದೊಣ್ಣೆ. ಹೊರ ರಾಜ್ಯದ ಐದು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಕರೆತರುವ ಗುತ್ತಿಗೆದಾರ ಲೈಸೆನ್ಸ್ ಪಡೆಯಬೇಕು ಅಂತ 1979ರಲ್ಲೇ ಕಾನೂನು ಬಂದಿತ್ತು. ಕೆಲಸದವರ ಕಾರ್ಡು ಕೇಳುವ ನಾವು ಏಜೆಂಟ್‌ನ ಲೈಸೆನ್ಸ್ ಕೇಳಿದ್ದು ಯಾವಾಗ?

ನಾನೇನೂ ಸಾಚಾ ಅಲ್ಲ. ಮೊದಲೆರಡು ವರ್ಷ ಎಲ್ಲರ ಒರಿಜಿನಲ್ ಆಧಾರ್ ತೆಗೆದು ನನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದೆ. ಕುಯ್ಲಿನ ಮಧ್ಯೆ ಓಡಿಹೋಗಬಾರದಲ್ಲ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಬ್ಬನಿಗೆ ರಾತ್ರಿ ಜ್ವರ ಏರಿ ಆಸ್ಪತ್ರೆಗೆ ಹೋದಾಗ ಕಾರ್ಡು ಕೇಳಿದರು. ಕಾರ್ಡು ಕುಶಾಲನಗರದ ನನ್ನ ಮನೆಯಲ್ಲಿ, ನಾನು ಮೈಸೂರಿನಲ್ಲಿ. ಅವನು ಬೆಳಗಿನವರೆಗೆ ಬೆಂಚಿನ ಮೇಲೆ ಕೂತಿದ್ದ. ಮಾರನೇ ದಿನ ಎಲ್ಲರ ಕಾರ್ಡು ವಾಪಸ್ ಕೊಟ್ಟೆ. ಯಾರೂ ಓಡಿಹೋಗಲಿಲ್ಲ.

ಲೇಔಟ್ ವಿಷಯಕ್ಕೆ ಬಂದರೆ, ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಮನೆ ಇದೆ. ಎರಡು ರೂಮು, ಹದಿಮೂರು ಜನ, ಒಂದು ಟಾಯ್ಲೆಟ್. ಗಲಾಟೆ, ಗಲೀಜು, ರಾತ್ರಿ ಜೋರಾಗಿ ಫೋನ್ ಮಾತು ಅಂತ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ದೂರು. ದೂರು ಸುಳ್ಳಲ್ಲ. ಆ ಮನೆಯ ಓನರ್ ಕೂಡ ಅದೇ ಗ್ರೂಪಿನಲ್ಲಿದ್ದಾರೆ. ತಲೆಗೆ ಇಷ್ಟು ಅಂತ ಬಾಡಿಗೆ ವಸೂಲಿ ಮಾಡುತ್ತಾರೆ. ಅವರು ದೂರುಗಳಿಗೆ ಕೈಮುಗಿಯುವ ಎಮೋಜಿ ಹಾಕುತ್ತಾರೆ.

ಈ ಸಲ ಏಜೆಂಟ್‌ನನ್ನು ಬಿಟ್ಟೆ. ಬರ್ಪೇಟಾದ ಹುಡುಗನಿಗೇ ಫೋನ್ ಮಾಡಿ ಬನ್ನಿ ಅಂದೆ. ಕೆಜಿಗೆ ಆರೂವರೆ, ವಾರಕ್ಕೊಮ್ಮೆ ಅವರವರ ಫೋನ್‌ಪೇಗೆ. ಒಂಬತ್ತು ಜನರ ಹೆಸರು, ಫೋಟೊ, ಕಾರ್ಡಿನ ನಕಲು ಪೊಲೀಸ್ ಸ್ಟೇಷನ್‌ಗೆ ಕೊಟ್ಟು ಬಂದಿದ್ದೇನೆ. ಹಾಡಿಯಿಂದ ಐದು ಹೆಂಗಸರು ಬರುತ್ತಾರೆ, ಅವರಿಗೂ ಅದೇ ರೇಟು. ಏಜೆಂಟ್‌ಗೆ ಸಿಟ್ಟು ಬಂದಿದೆ. ಬರುತ್ತೇನೆಂದಿದ್ದ ಇನ್ನೂ ಐದಾರು ಜನರನ್ನು ದಾರಿಯಲ್ಲೇ ಬೇರೆ ತೋಟಕ್ಕೆ ತಿರುಗಿಸಿಬಿಟ್ಟ. ರೇಟು ಏರಿಸಿ ಎಲ್ಲರಿಗೂ ತೊಂದರೆ ಕೊಟ್ಟೆ ಅಂತ ಪಕ್ಕದ ತೋಟದವರೂ ಮುಖ ಗಂಟು ಹಾಕಿಕೊಂಡಿದ್ದಾರೆ.

ಹೀಗಾಗಿ ಕುಯ್ಲು ಹಿಂದೆ ಬಿದ್ದಿದೆ. ಕೆಳಗಿನ ಮೂರು ಎಕರೆಯಲ್ಲಿ ಹಣ್ಣು ಒಣಗಿ ಉದುರುತ್ತಿದೆ, ಈಗ ನೆಲದಿಂದ ಹೆಕ್ಕಬೇಕು. ಕಾಫಿ ಗಿಡಕ್ಕೆ ಹೂ ಬಿಡಿಸುವ ಹೂ ಮಳೆ ಬೇಗ ಬಂದರೆ ಅದೂ ಹೋಯಿತು. ಮೊನ್ನೆ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಮಳೆ, ರೇಟು ಆಯಿತು. ಮೂರನೆಯದನ್ನು ಕೇಳುವ ಮುಂಚೆ ನಾನೇ ಕೇಳಿದೆ, ರಜೆ ಹಾಕಿ ಹತ್ತು ದಿನ ಬಂದು ಕಾಫಿ ಹೆಕ್ಕುತ್ತೀಯಾ ಅಂತ. ನೆಟ್‌ವರ್ಕ್ ಸರಿ ಇಲ್ಲ ಅಂದ.