ತಿರುವದೇ ಬಿಟ್ಟ ನೀರು

2019ರ ನವೆಂಬರ್ ಕೊನೆಯ ವಾರ ನಮ್ಮ ಹೊಲದ ಮೋಟರಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲೂಕಿನ ನಮ್ಮ ಊರಿನಲ್ಲಿ ಕಬ್ಬಿಗೆ ನೀರು ಹಾಯಿಸುವವರ ಊಟ, ನಿದ್ದೆ ಎಲ್ಲವೂ ಆ ಪಾಳಿಯನ್ನೇ ಅನುಸರಿಸುತ್ತವೆ. ಅಪ್ಪನಿಗೆ ಮೊಣಕಾಲು ನೋವು ಹೆಚ್ಚಾಗಿದ್ದರಿಂದ, ಪದವಿ ಮುಗಿಸಿ ಮನೆಯಲ್ಲಿಯೇ ಇದ್ದ ನಾನು ಹೊಲಕ್ಕೆ ಹೋಗುತ್ತಿದ್ದೆ. ಹೋಗಲು ನನಗೆ ಬೇಸರವಿರಲಿಲ್ಲ; ಯಾರ ಕಣ್ಣಿಗೂ ಬೀಳದೆ ಪಬ್‌ಜಿ ಆಡುವುದಕ್ಕೆ ಅದಕ್ಕಿಂತ ಅನುಕೂಲವಾದ ಜಾಗ ಮತ್ತೊಂದಿರಲಿಲ್ಲ.

ನೀರು ಹಾಯಿಸುವುದು ಬಹುಮಟ್ಟಿಗೆ ಕಿವಿಯ ಕೆಲಸ. ಒಣಗಿದ ಎರೆಮಣ್ಣಿನ ಸಾಲಿಗೆ ಬಿಟ್ಟ ನೀರು ಬಿರುಕುಗಳಲ್ಲಿ ಇಳಿಯುವಾಗ ಗೊಳಗೊಳ ಸದ್ದು ಮಾಡುತ್ತದೆ. ಸಾಲು ತುಂಬುತ್ತ ಬಂದಂತೆ ಆ ಸದ್ದು ಸಣ್ಣದಾಗಿ ಕೊನೆಗೆ ಅಡಗಿಹೋಗುತ್ತದೆ. ಆಗ ಎದ್ದು, ಸಲಿಕೆಯಿಂದ ಆ ಸಾಲಿನ ಬಾಯಿ ಮುಚ್ಚಿ, ಮುಂದಿನ ಸಾಲಿನ ಬಾಯಿ ಒಡೆಯಬೇಕು. ಪಬ್‌ಜಿಗೂ ಬೇಕಾಗಿರುವುದು ಕಿವಿಯೇ. 100 ಜನ ಪ್ಯಾರಾಶೂಟಿನಲ್ಲಿ ಇಳಿದು, ಕುಗ್ಗುತ್ತ ಹೋಗುವ ವೃತ್ತದೊಳಗೆ ಕೊನೆಗೆ ಒಂದೇ ತಂಡ ಉಳಿಯುವವರೆಗೆ ಕಾದಾಡುವ ಆ ಆಟದಲ್ಲಿ, ಎದುರಾಳಿಯ ಹೆಜ್ಜೆ ಸಪ್ಪಳ ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದನ್ನು ತಿಳಿಯಲು ಇಯರ್‌ಫೋನ್ ಹಾಕಿಕೊಂಡೇ ಕೂರಬೇಕಾಗುತ್ತದೆ. ಪಂದ್ಯ ಕೊನೆಯವರೆಗೆ ಹೋದರೆ ಅರ್ಧ ತಾಸು ಹಿಡಿಯುತ್ತದೆ. ನಡುವೆ ತಡೆದು ನಿಲ್ಲಿಸುವಂತಿಲ್ಲ. ಎದ್ದರೆ ಜೊತೆಗಾರರಾದ ಮೂವರನ್ನು ಕೈಬಿಟ್ಟಂತೆ.

ಆ ರಾತ್ರಿ ಒಂದೂವರೆಯ ಸುಮಾರಿಗೆ ನಮ್ಮ ತಂಡ ಕೊನೆಯ ವೃತ್ತ ತಲುಪಿತ್ತು. ಸಾಲು ತುಂಬುವ ಹೊತ್ತಾಯಿತೆಂಬುದು ನನಗೆ ಗೊತ್ತಿತ್ತು. ಇದೊಂದು ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ, ಗೆದ್ದ ಹುರುಪಿನಲ್ಲಿ ಮತ್ತೊಂದು ಪಂದ್ಯಕ್ಕೂ ಕುಳಿತೆ. ಇಯರ್‌ಫೋನ್ ತೆಗೆದಾಗ ಸಾಲಿನಿಂದ ಸದ್ದೇ ಇರಲಿಲ್ಲ. ಬ್ಯಾಟರಿ ಹಿಡಿದು ಓಡಿದೆ. ಬದು ಒಡೆದು ನೀರು ಕೆಳಗಿನ ಹೊಲಕ್ಕೆ ನುಗ್ಗಿತ್ತು. ಆ ಹೊಲದಲ್ಲಿ ಅದರ ಒಡೆಯರಾದ ಕಾಕಾ ಕಿತ್ತು, ತಪ್ಪಲು ಕೊಯ್ದು, ತಾಡಪತ್ರಿ ಹೊದಿಸಿಟ್ಟಿದ್ದ ಉಳ್ಳಾಗಡ್ಡಿಯ ರಾಶಿಯಿತ್ತು.

ಬೆಳಗ್ಗೆ ಕಾಕಾ, ನಾನು ಇಬ್ಬರೂ ಕುಳಿತು ಆರಿಸಿದೆವು. ರಾಶಿಯ ಮೇಲಿನವು ಗಟ್ಟಿಯಾಗಿದ್ದವು. ತಳದಲ್ಲಿದ್ದವುಗಳ ಹೊರಸಿಪ್ಪೆ ನೆನೆದು ಬೆರಳಿಗೆ ಅಂಟಿಕೊಳ್ಳುತ್ತಿತ್ತು, ಕುತ್ತಿಗೆಯ ಹತ್ತಿರ ಒತ್ತಿದರೆ ನೀರು ಒಸರುತ್ತಿತ್ತು. ಅಂಥವು ಎಂಟು ಚೀಲವಾದವು. ಆ ವರ್ಷದ ಮಳೆಗೆ ಎಲ್ಲ ಕಡೆ ಉಳ್ಳಾಗಡ್ಡಿ ಕೆಟ್ಟು, ಡಿಸೆಂಬರ್ ಹೊತ್ತಿಗೆ ಎಷ್ಟೋ ಊರುಗಳ ಪೇಟೆಯಲ್ಲಿ ಕಿಲೋಗೆ 100 ರೂಪಾಯಿ ದಾಟಿತು. ಮಳೆಯಿಂದ ಉಳಿಸಿಕೊಂಡದ್ದನ್ನು ಕಾಕಾ ನನ್ನಿಂದ ಕಳೆದುಕೊಂಡಿದ್ದರು.

ಅವರು ಬೈಯಲಿಲ್ಲ. "ನಿದ್ದಿ ಹತ್ತಿತ್ತೇನೋ ತಮ್ಮಾ? ರಾತ್ರಿ ಪಾಳಿ ಅಂದ್ರ ಹಂಗ," ಎಂದರು. ನಾನು "ಹೂಂ ಕಾಕಾ" ಎಂದೆ. ಅಪ್ಪ ಕಬ್ಬಿನ ಬಿಲ್ಲು ಬಂದಾಗ ಹಣ ಕೊಟ್ಟು ಲೆಕ್ಕ ತೀರಿಸಿದರು. ಆ ಒಂದು "ಹೂಂ" ಮಾತ್ರ ನನ್ನೊಳಗೇ ಉಳಿಯಿತು.

ವಿಶ್ವ ಆರೋಗ್ಯ ಸಂಸ್ಥೆ ಅದೇ 2019ರಲ್ಲಿ ಆಟದ ಗೀಳನ್ನು ರೋಗಗಳ ಪಟ್ಟಿಗೆ ಸೇರಿಸಲು ಒಪ್ಪಿತ್ತೆಂಬುದನ್ನು ನಾನು ಓದಿದ್ದು ಬಹಳ ತಡವಾಗಿ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣೆದುರಿಗಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ 12 ತಿಂಗಳಾದರೂ ಕಂಡುಬಂದರೆ ಅದು ಕಾಯಿಲೆ ಎನ್ನುತ್ತದೆ ಆ ವಿವರಣೆ. ನಾನು ವೈದ್ಯರಲ್ಲಿಗೆ ಹೋಗಲಿಲ್ಲವಾದ್ದರಿಂದ ನನಗಿದ್ದದ್ದು ಕಾಯಿಲೆಯೇ ಎಂದು ಹೇಳಲಾರೆ. ಆದರೆ ಮೂರನೆಯ ಲಕ್ಷಣವನ್ನು ಓದಿದಾಗ ಎದೆ ಹಿಂಡಿದಂತಾಯಿತು: ಉಳ್ಳಾಗಡ್ಡಿ ಆರಿಸಿ ಬಂದ ದಿನವೇ ರಾತ್ರಿ, ಕೈಯಿಂದ ಅದರ ವಾಸನೆ ಹೋಗುವ ಮೊದಲೇ, ನಾನು ಮತ್ತೆ ಆಡಿದ್ದೆ. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲಿಯೇ ಇದನ್ನೆಲ್ಲ ಹೇಳಿಕೊಳ್ಳಬಹುದು. ಆಗ ಇದ್ದಿದ್ದರೆ ನಾನು ಹೇಳಿಕೊಳ್ಳುತ್ತಿದ್ದೆನೇನೋ.

2020ರ ಸೆಪ್ಟೆಂಬರ್ 2ರಂದು ಸರ್ಕಾರ ಪಬ್‌ಜಿಯನ್ನು ನಿಷೇಧಿಸಿದಾಗ ಇನ್ನು ಬಿಡುಗಡೆಯಾಯಿತು ಎಂದುಕೊಂಡೆ. ಕೆಲವೇ ವಾರಗಳಲ್ಲಿ ಫೋನಿನಲ್ಲಿ ಬೇರೆ ಆಟ ಬಂದು ಕೂತಿತ್ತು. ಆ ಸಲದ ಉಳ್ಳಾಗಡ್ಡಿ ಕೀಳುವ ಹೊತ್ತಿನಲ್ಲಿ ಕಾಕಾ ಅವರ ಎದುರು ಕುಳಿತು ನಡೆದದ್ದನ್ನು ನಡೆದಂತೆ ಹೇಳಿದೆ. "ನಿದ್ದಿ ಮಾಡಿದವನ ಕಣ್ಣ ಹಂಗ ಕೆಂಪ ಇರೂದಿಲ್ಲೋ ತಮ್ಮಾ," ಎಂದು ಅವರು ತಪ್ಪಲು ಕೊಯ್ಯುವುದನ್ನು ಮುಂದುವರಿಸಿದರು. ಒಂದು ವರ್ಷ ತಿಳಿದೂ ಸುಮ್ಮನಿದ್ದರಲ್ಲ ಎಂಬುದು ನನ್ನನ್ನು ಯಾವ ಬೈಗುಳಕ್ಕಿಂತ ಹೆಚ್ಚು ತಟ್ಟಿತು.

2023ರ ಮೇ ತಿಂಗಳಲ್ಲಿ, ಪಬ್‌ಜಿಯ ಭಾರತದ ರೂಪವಾಗಿ ಬಂದು ನಡುವೆ ನಿಂತುಹೋಗಿದ್ದ ಬಿಜಿಎಮ್ಐ ಮರಳಿ ಬಂದಾಗ, 18 ತುಂಬದವರಿಗೆ ದಿನಕ್ಕೆ ಮೂರು ತಾಸು, ದೊಡ್ಡವರಿಗೆ ಆರು ತಾಸು ಎಂಬ ಮಿತಿ ಇಟ್ಟರು. ಆರು ತಾಸು ಎಂದರೆ ನಮ್ಮ ಮೋಟರಿಗೆ ಸಿಗುವ ಹೆಚ್ಚುಕಡಿಮೆ ಒಂದಿಡೀ ಪಾಳಿಯಷ್ಟು ಹೊತ್ತು. ಅಂಥ ಮಿತಿ ನನ್ನಂಥವನನ್ನು ಕಾಯಲಾರದು. ನಾನು ಆಟವನ್ನು ಪೂರ್ತಿ ಬಿಟ್ಟಿಲ್ಲ. ಹಗಲು ಪಾಳಿಯ ವಾರಗಳಲ್ಲಿ ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರ ಎದುರಿಗೆ ಎರಡು ಪಂದ್ಯ ಆಡುತ್ತೇನೆ. ರಾತ್ರಿ ಪಾಳಿಗೆ ಹೋಗುವಾಗ ಇಯರ್‌ಫೋನ್ ಮನೆಯಲ್ಲಿಯೇ ಉಳಿಯುತ್ತದೆ. ಸಾಲು ತುಂಬುವುದನ್ನು ಕಾಯುತ್ತ ಕುಳಿತಾಗ ಕೈ ಈಗಲೂ ಜೇಬಿನ ಕಡೆಗೆ ಹೋಗುತ್ತದೆ. ಆಗ ಎದ್ದು ಸಾಲಿನ ತುದಿಯವರೆಗೆ ನಡೆದು, ನೀರು ಎಲ್ಲಿಗೆ ಬಂದಿದೆ ಎಂದು ಕೈಯಿಟ್ಟು ನೋಡುತ್ತೇನೆ.